ಅಪಾಯ ಬರುವವರೆಗೆ ಕಾಯಬೇಕೆ?



ವೇದಿಕೆಯ ಮೇಲಿರುವ ಹಿರಿಯರೆ, ಗಾಲ್ವೇ, ಕಾರ್ಕ್, ಲಿಮರಿಕ್ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಡಬ್ಲಿನ್ನಿಗೆ ಬಂದಿರುವ ಕನ್ನಡ ಬಂಧುಗಳೆ,

ಮುಖ್ಯ ಭಾಷಣಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬಳನ್ನು ಕರೆದಿದ್ದಾರೆ ಅಂದರೆ ತೆರಿಗೆ ಉಳಿಸುವ ಉಪಾಯ ಹೇಳುತ್ತಾಳೆ ಎಂದು ಕೆಲವರು ಆಸೆ ಇಟ್ಟುಕೊಂಡಿರಬಹುದು. ಅದನ್ನು ಊಟದ ಹೊತ್ತಿಗೆ ಕೇಳಿ, ಹೇಳುತ್ತೇನೆ. ಈಗ ಮಾತಾಡಬೇಕಾಗಿರುವುದು ಬೇರೆ ವಿಷಯ. ಬಸುರಿಯ ಜೀವಕ್ಕೆ ಅಪಾಯ ಬಂದಾಗ ಡಾಕ್ಟರು ಯಾವಾಗ ಕೈ ಹಾಕಬಹುದು ಎಂದು ಕಾನೂನು ಹೇಳುತ್ತದೆ, ಆ ‘ಯಾವಾಗ’ ಎಂಬ ಮಾತಿನ ಬೆಲೆ ಎಷ್ಟು ಎಂಬುದು ನನ್ನ ವಿಷಯ.

ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ಆದರೆ ವರದಿ ಓದುವುದು ನನ್ನ ಕಸುಬು. ಯಾವ ದಿನ ಏನಾಯಿತು, ಯಾರಿಗೆ ಯಾವ ಮಾಹಿತಿ ಇತ್ತು, ನಿಯಮ ಏನು ಹೇಳುತ್ತಿತ್ತು, ನಡೆದದ್ದೇನು ಎಂದು ಒಂದರ ಪಕ್ಕ ಒಂದು ಇಟ್ಟು ನೋಡುವುದೇ ಆಡಿಟ್. ಈ ವಿಷಯವನ್ನೂ ಹಾಗೆಯೇ ನೋಡೋಣ. ಗರ್ಭಪಾತ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಈ ಸಭೆಯಲ್ಲೇ ಅದರ ಬಗ್ಗೆ ನಾಲ್ಕು ಅಭಿಪ್ರಾಯಗಳಿರುತ್ತವೆ, ಇರಲಿ. ತಾಯಿಯ ಜೀವ ಉಳಿಯಬೇಕು ಎಂಬುದರಲ್ಲಿ ಮಾತ್ರ ನಮ್ಮಲ್ಲಿ ಎರಡು ಮಾತಿಲ್ಲ ಎಂದುಕೊಂಡಿದ್ದೇನೆ.

ಮೊದಲು ಒಂದು ಶಬ್ದದ ವಿಚಾರ. ನಮ್ಮ ಭಾಷೆಯಲ್ಲಿ ತಾನಾಗಿ ಹೋದರೂ ಗರ್ಭಪಾತ, ತೆಗೆಸಿದರೂ ಗರ್ಭಪಾತ. ಊರಿನಲ್ಲಿ ಅಬಾರ್ಷನ್ ಆಯಿತು ಅಂದರೆ ಎರಡರಲ್ಲಿ ಯಾವುದು ಎಂದು ತಿರುಗಿ ಕೇಳಬೇಕು. ಕಾನೂನು ಮಾತ್ರ ಇವೆರಡನ್ನು ಬೇರೆ ಬೇರೆ ಖಾತೆಗೆ ಹಾಕುತ್ತದೆ. ಒಂದು ಕಾಯಿಲೆ, ಇನ್ನೊಂದು ಅಪರಾಧವಾಗಬಹುದು. ಆದರೆ ಹೆಂಗಸಿನ ಮೈ ಅಷ್ಟು ಅಚ್ಚುಕಟ್ಟಾಗಿ ಖಾತೆ ವಿಂಗಡಿಸುವುದಿಲ್ಲ. ತಾನಾಗಿ ಹೋಗಲು ಶುರುವಾದ ಗರ್ಭ ಪೂರ್ತಿ ಹೋಗದೆ ಒಳಗೇ ನಿಂತಾಗ ಎರಡು ಖಾತೆಗಳೂ ಒಂದಕ್ಕೊಂದು ತಾಗುತ್ತವೆ. ನಾನು ಹೇಳಲಿರುವುದೆಲ್ಲ ಆ ಜಾಗದಲ್ಲಿ ನಡೆದದ್ದು.

ಸವಿತಾ ಹಾಲಪ್ಪನವರ ಅವರ ಹೆಸರು ಈ ದೇಶದಲ್ಲಿ ಎಲ್ಲರಿಗೂ ಗೊತ್ತು. ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷ. ನನ್ನೂರು ಧಾರವಾಡದಿಂದ ಬೆಳಗಾವಿಗೆ ಎರಡು ತಾಸು ಸಹ ಹಿಡಿಯುವುದಿಲ್ಲ. ಹೆಸರು ಗೊತ್ತಿದ್ದರೂ ಆ ವಾರದ ದಿನಚರಿ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ದಿನ ದಿನವಾಗಿ ನೋಡಬೇಕು.

2012ರ ಅಕ್ಟೋಬರ್ 21, ಭಾನುವಾರ. 17 ವಾರದ ಬಸುರಿ ಸವಿತಾ ಬೆನ್ನುನೋವು ಎಂದು ಗಾಲ್ವೇಯ ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು. ಅವತ್ತು ತೆಗೆದ ರಕ್ತದಲ್ಲಿ ಬಿಳಿ ರಕ್ತಕಣಗಳ ಎಣಿಕೆ ಏರಿತ್ತು. ಆ ಫಲಿತಾಂಶವನ್ನು ಯಾರೂ ಹಿಂಬಾಲಿಸಿ ನೋಡಲಿಲ್ಲ. ಸೋಮವಾರ ನಸುಕಿಗೂ ಮುನ್ನ ನೀರು ಒಡೆಯಿತು. 17 ವಾರಕ್ಕೆ ನೀರು ಒಡೆದ ಮೇಲೆ ಮಗು ಉಳಿಯುವ ಸಂಭವ ತೀರ ಕಡಿಮೆ, ತಾಯಿಗೆ ಸೋಂಕು ಹತ್ತುವ ಭಯ ಹೊತ್ತು ಹೋದಂತೆ ಬೆಳೆಯುತ್ತದೆ. ಮಂಗಳವಾರ ಸವಿತಾ, ಹೇಗಿದ್ದರೂ ಉಳಿಯುವುದಿಲ್ಲ, ಗರ್ಭ ತೆಗೆದುಬಿಡಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ನಿಮ್ಮ ಜೀವಕ್ಕೆ ಅಪಾಯ ಕಾಣುತ್ತಿಲ್ಲ, ಕಾನೂನಿನ ಪ್ರಕಾರ ಆಗುವುದಿಲ್ಲ ಎಂಬ ಉತ್ತರ ಬಂತು. ಬುಧವಾರ ಬೆಳಗಿನ ಜಾವಕ್ಕೆ ಜ್ವರ, ಓಡುವ ನಾಡಿ. ಮಧ್ಯಾಹ್ನದ ಹೊತ್ತಿಗೆ, ಈಗ ತೆಗೆಯಬಹುದು ಎಂದು ಡಾಕ್ಟರು ತೀರ್ಮಾನಿಸಿದರು. ಅಷ್ಟರಲ್ಲಿ ಗರ್ಭ ತಾನಾಗಿಯೇ ಹೋಯಿತು. ನಂಜು ರಕ್ತಕ್ಕೇರಿ ಮೈಯೆಲ್ಲ ಹರಡಿತ್ತು. 28ರ ಭಾನುವಾರ ಸವಿತಾ ತೀರಿಕೊಂಡರು. ಮಗಳ ಮನೆಗೆ ಬಂದಿದ್ದ ಅಪ್ಪ, ಅವ್ವ ಅದೇ ವಾರ ಊರಿಗೆ ಮರಳಿದ್ದರು.

ಈ ದಿನಚರಿಯಲ್ಲಿ ನನ್ನ ಕಣ್ಣು ಹೋಗಿ ನಿಲ್ಲುವುದು ಮಂಗಳವಾರದ ಮೇಲೆ. ಅವತ್ತು ಕಾದದ್ದರಿಂದ ಯಾವ ಜೀವವೂ ಉಳಿಯಲಿಲ್ಲ. ಮಗು ಉಳಿಯುವ ಹಾಗಿರಲಿಲ್ಲ. ಹಾಗಾದರೆ ಕಾದದ್ದು ಯಾತಕ್ಕೆ?

ಕಾನೂನಿನ ಪುಸ್ತಕ ತೆಗೆಯೋಣ. 1861ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾಯ್ದೆ ಗರ್ಭಪಾತ ಮಾಡಿಸುವುದಕ್ಕೆ ಜೀವಾವಧಿ ಶಿಕ್ಷೆ ಇಟ್ಟಿತ್ತು. ಆಂಗ್ಲರು ಹೋದರೂ ಆ ಕಾಯ್ದೆ ಐರ್ಲೆಂಡಿನಲ್ಲಿ ಉಳಿಯಿತು. 1983ರಲ್ಲಿ ಜನಮತ ತೆಗೆದುಕೊಂಡು ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಮಾಡಿದರು. ತಾಯಿಯ ಬದುಕುವ ಹಕ್ಕೂ ಹುಟ್ಟದ ಮಗುವಿನ ಬದುಕುವ ಹಕ್ಕೂ ಸಮ ಎಂದು ಬರೆದರು. 1992ರಲ್ಲಿ ಅತ್ಯಾಚಾರಕ್ಕೊಳಗಾಗಿ ಬಸುರಾಗಿದ್ದ 14 ವರ್ಷದ ಹುಡುಗಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅದನ್ನು ಎಕ್ಸ್ ಪ್ರಕರಣ ಎನ್ನುತ್ತಾರೆ. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದು, ಗರ್ಭ ತೆಗೆಯದೆ ಅದನ್ನು ತಪ್ಪಿಸಲು ಬೇರೆ ದಾರಿ ಇಲ್ಲದಿದ್ದರೆ ತೆಗೆಯಬಹುದು ಎಂದು ಕೋರ್ಟು ಹೇಳಿತು. ಆತ್ಮಹತ್ಯೆಯ ಅಪಾಯವನ್ನೂ ಅದರಲ್ಲಿ ಸೇರಿಸಿತು. ಆದರೆ ಅಪಾಯ ಇರಬೇಕಾದದ್ದು ಜೀವಕ್ಕೆ, ಆರೋಗ್ಯಕ್ಕೆ ಅಂದರೆ ಸಾಲದು. ಈ ಗೆರೆ ಎಲ್ಲಿ ಬೀಳುತ್ತದೆ, ಯಾರು ಎಳೆಯಬೇಕು, ಹೇಗೆ ಎಳೆಯಬೇಕು ಎಂದು ಮುಂದಿನ 20 ವರ್ಷ ಯಾವ ಸರ್ಕಾರವೂ ಕಾಯ್ದೆ ಮಾಡಿ ಹೇಳಲಿಲ್ಲ.

2010ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ದೇಶದ ಕಿವಿ ಹಿಂಡಿತು. ಕ್ಯಾನ್ಸರಿನಿಂದ ಸುಧಾರಿಸಿಕೊಳ್ಳುತ್ತಿದ್ದ ಒಬ್ಬ ಬಸುರಿಗೆ, ತನ್ನ ಜೀವಕ್ಕೆ ಅಪಾಯವಿದೆಯೇ, ತನಗೆ ಕಾನೂನಿನ ಹಕ್ಕು ಇದೆಯೇ ಎಂದು ತಿಳಿದುಕೊಳ್ಳಲು ಇಲ್ಲಿ ಒಂದು ದಾರಿಯೂ ಇರಲಿಲ್ಲ. ಶಿಕ್ಷೆಯ ಭಯ ಹೆಂಗಸರನ್ನೂ ಡಾಕ್ಟರರನ್ನೂ ಹಿಂಜರಿಯುವಂತೆ ಮಾಡುತ್ತದೆ ಎಂದು ಆ ತೀರ್ಪು ಹೇಳಿತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಮಿತಿಯ ವರದಿ ಸರ್ಕಾರದ ಕೈ ಸೇರಿದ್ದು 2012ರ ನವೆಂಬರಿನಲ್ಲಿ. ಸವಿತಾ ತೀರಿಕೊಂಡದ್ದು ಅಕ್ಟೋಬರಿನಲ್ಲಿ.

ಸಾವಿನ ನಂತರ ಮೂರು ತನಿಖೆಗಳಾದವು. 2013ರ ಏಪ್ರಿಲಿನಲ್ಲಿ ಗಾಲ್ವೇಯ ಕಾರೊನರ್ ವಿಚಾರಣೆಯಲ್ಲಿ ಜ್ಯೂರಿ ‘ವೈದ್ಯಕೀಯ ಅವಘಡ’ ಎಂಬ ತೀರ್ಪು ಕೊಟ್ಟಿತು. ಜೂನಿನಲ್ಲಿ ಪ್ರೊಫೆಸರ್ ಅರುಲ್‌ಕುಮಾರನ್ ಅಧ್ಯಕ್ಷತೆಯ ಸಮಿತಿಯ ವರದಿ, ಅಕ್ಟೋಬರಿನಲ್ಲಿ ಆರೋಗ್ಯ ಸೇವೆಯ ಗುಣಮಟ್ಟ ನೋಡುವ ಪ್ರಾಧಿಕಾರ ಹಿಕ್ವಾದ ವರದಿ ಬಂದವು. ಬೇರೆ ಹೆಜ್ಜೆ ಇಟ್ಟಿದ್ದರೆ ಫಲ ಬೇರೆಯಾಗಬಹುದಿದ್ದ 13 ಅವಕಾಶಗಳು ಕೈ ತಪ್ಪಿದವು ಎಂದು ಹಿಕ್ವಾ ಎಣಿಸಿತು.

ಇಲ್ಲಿ ಒಂದು ವಾದ ಹುಟ್ಟಿತು, ಇವತ್ತಿಗೂ ಮುಗಿದಿಲ್ಲ. ಇದು ಕಾನೂನಿನ ತಪ್ಪಲ್ಲ, ಸೋಂಕು ಗುರುತಿಸದ ಆಸ್ಪತ್ರೆಯ ತಪ್ಪು ಎಂದು ಒಂದು ಕಡೆಯವರು. ಆಸ್ಪತ್ರೆಯದಲ್ಲ, ಎಲ್ಲ ಕಾನೂನಿನದೇ ಎಂದು ಇನ್ನೊಂದು ಕಡೆಯವರು. ಲೆಕ್ಕ ಬರೆಯುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಒಂದು ನಷ್ಟಕ್ಕೆ ಎರಡು ಕಾರಣ ಇರಬಾರದು ಎಂದು ಯಾರು ಹೇಳಿದರು? ಆ ವರದಿಗಳನ್ನು ತೆರೆದರೆ ಎರಡೂ ಇವೆ. ನಾಡಿ, ಜ್ವರ, ರಕ್ತದ ವರದಿಗಳ ಮೇಲೆ ಸಾಕಷ್ಟು ನಿಗಾ ಇರಲಿಲ್ಲ. ಎಲ್ಲ ಚಿಕಿತ್ಸೆಯ ದಾರಿಗಳನ್ನೂ ರೋಗಿಯ ಮುಂದೆ ಇಡಲಿಲ್ಲ. ಹಾಗೆ ಇಡದಿರುವುದಕ್ಕೆ ಕಾನೂನನ್ನು ಅರ್ಥ ಮಾಡಿಕೊಂಡ ರೀತಿ, ಅದರ ಬಗ್ಗೆ ಸ್ಪಷ್ಟ ಮಾರ್ಗದರ್ಶನ ಇಲ್ಲದ್ದು ಒಂದು ಮಹತ್ವದ ಕಾರಣ ಎಂದು ಅರುಲ್‌ಕುಮಾರನ್ ವರದಿ ಹೇಳಿತು. ಇಂಗ್ಲಿಷಿನಲ್ಲಿ ಅವರು ಬಳಸಿದ ಶಬ್ದ ‘ಮೆಟೀರಿಯಲ್’. ನಮ್ಮ ಕಸುಬಿನವರಿಗೆ ಆ ಶಬ್ದದ ತೂಕ ಗೊತ್ತು. ಅದನ್ನು ಬಿಟ್ಟರೆ ಇಡೀ ಲೆಕ್ಕದ ಅರ್ಥವೇ ಬದಲಾಗುತ್ತದೆ ಎನ್ನುವಂಥದ್ದಕ್ಕೆ ಮಾತ್ರ ಆ ಹೆಸರು.

ಕಾರೊನರ್ ಮುಂದೆ ಸಾಕ್ಷಿ ಹೇಳಿದ ಹಿರಿಯ ಹೆರಿಗೆ ತಜ್ಞ ಡಾ. ಪೀಟರ್ ಬಾಯ್ಲನ್ ಅವರ ಮಾತು ಇನ್ನೂ ನೇರ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಸವಿತಾ ಬಹುಶಃ ಬದುಕಿರುತ್ತಿದ್ದರು. ಆದರೆ ಆ ದಿನಗಳಲ್ಲಿ ಜೀವಕ್ಕೆ ಗಣನೀಯ ಅಪಾಯ ಇರಲಿಲ್ಲವಾದ್ದರಿಂದ ಕಾನೂನು ಬಿಡುತ್ತಿರಲಿಲ್ಲ. ಅಪಾಯ ಬಂದು ಕಾನೂನು ಬಿಡುವ ಹೊತ್ತಿಗೆ ಕಾಲ ಮೀರಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತೇವೆ. ಇಲ್ಲಿ ಬೆಂಕಿ ಬೀಳುವ ಮೊದಲು ಬಾವಿ ತೋಡಿದರೆ ಜೈಲು ಎಂದು ಬರೆದಿಟ್ಟಿದ್ದರು.

ನಮ್ಮ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದೆ. ಒಂದು ಕಂಪನಿಯ ಮೇಲೆ ಕೇಸು ಬಿದ್ದಿದೆ ಎನ್ನಿ. ತೀರ್ಪು ಬಂದಿಲ್ಲ. ಸೋತರೆ ದೊಡ್ಡ ಮೊತ್ತ ಕೊಡಬೇಕು. ತೀರ್ಪು ಬಂದ ಮೇಲೆ ಬರೆಯುತ್ತೇನೆ ಎಂದು ಮಾಲೀಕ ಹೇಳಿದರೆ ನಾವು ಒಪ್ಪುವುದಿಲ್ಲ. ಐಎಎಸ್ 37 ಎಂಬ ಲೆಕ್ಕದ ಮಾನದಂಡ ಇದೆ. ಆಗಿಹೋದ ಘಟನೆಯಿಂದ ಹೊಣೆ ಹುಟ್ಟಿದ್ದು, ಹಣ ಹೋಗದಿರುವುದಕ್ಕಿಂತ ಹೋಗುವ ಸಂಭವವೇ ಹೆಚ್ಚಾಗಿದ್ದರೆ, ಒಂದು ಅಂದಾಜು ಹಾಕಿ ಇವತ್ತೇ ಪುಸ್ತಕದಲ್ಲಿ ತೆಗೆದಿಡಬೇಕು. ಇದೇ ಪ್ರಾವಿಷನ್. ಖಚಿತವಾಗುವವರೆಗೆ ಕಾಯುವಂತಿಲ್ಲ. ಖಚಿತವಾದ ಮೇಲೆ ಅದು ಅಪಾಯವಲ್ಲ, ನಷ್ಟ. ದುಡ್ಡಿಗೆ ನಾವು ಇಟ್ಟುಕೊಂಡಿರುವ ಈ ವಿವೇಕವನ್ನು ಹೆಂಗಸಿನ ಜೀವಕ್ಕೆ ಇಡುವುದು ಬೇಡವೆ?

ಇನ್ನೊಂದು ಮಾತು. ಯಾವ ನಿಯಮ ಓದಿದರೂ, ಈ ಕಡೆ ತಪ್ಪಿದರೆ ಏನು, ಆ ಕಡೆ ತಪ್ಪಿದರೆ ಏನು ಎಂದು ನಾವು ನೋಡುತ್ತೇವೆ. ಅಂದಿನ ಡಾಕ್ಟರು ಒಂದು ದಿನ ಮುಂಚೆ ಗರ್ಭ ತೆಗೆದು, ಅಪಾಯ ಅಷ್ಟಿರಲಿಲ್ಲ ಎಂದು ಆಮೇಲೆ ಯಾರಾದರೂ ಹೇಳಿದ್ದರೆ ಜೀವಾವಧಿ ಶಿಕ್ಷೆ. ಒಂದು ದಿನ ತಡವಾಗಿ ತೆಗೆದು ತಾಯಿ ಸತ್ತರೆ ಒಂದು ವಿಚಾರಣೆ, ಒಂದು ವರದಿ. ತಕ್ಕಡಿಯ ಒಂದೇ ತಟ್ಟೆಗೆ ಜೈಲನ್ನು ಹಾಕಿದರೆ ಎಷ್ಟು ಒಳ್ಳೆಯ ಮನುಷ್ಯನ ಕೈಯಾದರೂ ಒಂದು ಕಡೆಗೇ ವಾಲುತ್ತದೆ. ಇದಕ್ಕೆ ಡಾಕ್ಟರು ಕೆಟ್ಟವರಾಗಿರಬೇಕಾಗಿಲ್ಲ. ನಿಯಮ ಮಾಡಿದವರು ತಟ್ಟೆ ಕಟ್ಟಿದ ರೀತಿ ಅದು.

2013ರ ಜುಲೈನಲ್ಲಿ ‘ಗರ್ಭಾವಧಿಯಲ್ಲಿ ಜೀವ ರಕ್ಷಣೆ ಕಾಯ್ದೆ’ ಬಂತು. 2014ರ ಜನವರಿ 1ರಿಂದ ಜಾರಿಯಾಯಿತು. ಅದರಿಂದ ಕೆಲವು ಒಳ್ಳೆಯದಾಯಿತು. ಯಾರು ತೀರ್ಮಾನಿಸಬೇಕು ಎಂದು ಮೊದಲ ಸಲ ಬರೆದರು. ದೈಹಿಕ ಕಾಯಿಲೆಯಿಂದ ಜೀವಕ್ಕೆ ಅಪಾಯವಿದ್ದರೆ ಇಬ್ಬರು ತಜ್ಞರು. ತುರ್ತಾಗಿದ್ದರೆ ಒಬ್ಬರೇ ಸಾಕು. ಆತ್ಮಹತ್ಯೆಯ ಅಪಾಯವಿದ್ದರೆ ಮೂವರು, ಅವರಲ್ಲಿ ಇಬ್ಬರು ಮನೋವೈದ್ಯರು. ಡಾಕ್ಟರು ಇಲ್ಲ ಎಂದರೆ ಮೇಲ್ಮನವಿಗೂ ದಾರಿ ಇಟ್ಟರು. 2014ರಲ್ಲಿ ಆ ಕಾಯ್ದೆಯ ಅಡಿ ನಡೆದವು 26. ಕಾಯಿಲೆಯಿಂದ 14, ತುರ್ತಿನಲ್ಲಿ 9, ಆತ್ಮಹತ್ಯೆಯ ಅಪಾಯದಿಂದ 3. ಆದರೆ ಮೂಲ ಗೆರೆ ಹಾಗೇ ಉಳಿಯಿತು. ಅಪಾಯ ಜೀವಕ್ಕೇ ಇರಬೇಕು, ಆರೋಗ್ಯಕ್ಕೆ ಸಾಲದು. ಜೀವಾವಧಿ ಹೋಗಿ 14 ವರ್ಷದ ಜೈಲು ಬಂತು. ಫಾರಂ ಬಂತು, ಸಹಿ ಹಾಕುವ ಜಾಗ ಬಂತು. ಮಂಗಳವಾರದ ಪ್ರಶ್ನೆಗೆ ಮಾತ್ರ ಹೊಸ ಉತ್ತರ ಬರಲಿಲ್ಲ.

ಅದು ಬಂದದ್ದು 2018ರಲ್ಲಿ. ಮೇ 25ರಂದು ಮತ್ತೆ ಜನಮತ. ಶೇಕಡ 66.4ರಷ್ಟು ಜನ ಎಂಟನೇ ತಿದ್ದುಪಡಿ ತೆಗೆಯಲು ಒಪ್ಪಿದರು. 1983ರಲ್ಲಿ ಅದನ್ನು ಸೇರಿಸಿದ್ದೂ ಹೆಚ್ಚುಕಡಿಮೆ ಅಷ್ಟೇ ಜನ, ಮೂರರಲ್ಲಿ ಎರಡು ಪಾಲು. ಬೆಳಗಾವಿಯಿಂದ ಸವಿತಾ ಅವರ ತಂದೆ, ಮಗಳ ನೆನಪಿಟ್ಟುಕೊಂಡು ಮತ ಹಾಕಿ ಎಂದು ಐರ್ಲೆಂಡಿನ ಜನರನ್ನು ಕೇಳಿಕೊಂಡಿದ್ದರು. ಡಬ್ಲಿನ್ನಿನ ಪೋರ್ಟೊಬೆಲ್ಲೊದಲ್ಲಿ ಅವರ ಚಿತ್ರ ಬರೆದಿದ್ದ ಗೋಡೆಗೆ ಜನ ಚೀಟಿ ಅಂಟಿಸಿದರು. ನಾನು ಆಗ ಈ ದೇಶದ ಪೌರಳಾಗಿದ್ದೆ, ಮತ ಹಾಕಿದೆ. ನಮ್ಮಲ್ಲಿ ಬಹಳ ಜನರಿಗೆ ಆ ಹಕ್ಕು ಇರಲಿಲ್ಲ, ಯಾಕೆಂದರೆ ಜನಮತದಲ್ಲಿ ಐರಿಷ್ ಪೌರರು ಮಾತ್ರ ಮತ ಹಾಕಬಹುದು. ಕಾನೂನು ನಮ್ಮ ಮೇಲೂ ನಡೆಯುತ್ತದೆ, ಮತ ಮಾತ್ರ ಎಲ್ಲರಿಗೂ ಇಲ್ಲ.

2019ರ ಜನವರಿ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ 12 ವಾರದೊಳಗೆ ಕಾರಣ ಕೇಳುವಂತಿಲ್ಲ, ಮೂರು ದಿನ ಕಾಯುವ ನಿಯಮವಿದೆ. ಆಮೇಲೆ ತಾಯಿಯ ಜೀವಕ್ಕೆ ಅಪಾಯ, ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಅಪಾಯ ಇದ್ದರೆ ಇಬ್ಬರು ಡಾಕ್ಟರು ಸಹಿ ಹಾಕಿ ಮುಂದುವರಿಯಬಹುದು. ‘ಆರೋಗ್ಯ’ ಎಂಬ ಒಂದು ಶಬ್ದ ಒಳಗೆ ಬಂತು, ಗೆರೆ ಒಂದು ದಿನ ಹಿಂದಕ್ಕೆ ಸರಿಯಿತು. ಬುಧವಾರದಿಂದ ಮಂಗಳವಾರಕ್ಕೆ. ಹೆಂಗಸಿಗೆ ಶಿಕ್ಷೆ ಇಲ್ಲ. ನಿಯಮ ಮೀರಿದ ಡಾಕ್ಟರಿಗೆ 14 ವರ್ಷದ ಶಿಕ್ಷೆ ಪುಸ್ತಕದಲ್ಲಿ ಇನ್ನೂ ಇದೆ.

ನಮ್ಮ ಊರಿನ ಕಡೆ ನೋಡಿದರೆ, ಭಾರತದ ಎಂಟಿಪಿ ಕಾಯ್ದೆ 1971ರದು. ಜೀವಕ್ಕೆ ಅಪಾಯ ಅಥವಾ ದೈಹಿಕ, ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಯ ಅಪಾಯ ಎಂದು ಅವತ್ತೇ ಬರೆದಿದ್ದಾರೆ. ಆರೋಗ್ಯದ ಅಪಾಯ ಅಳೆಯುವಾಗ ಹೆಂಗಸಿನ ಈಗಿನ ಪರಿಸ್ಥಿತಿಯ ಜೊತೆ ಮುಂದೆ ಕಾಣಬಹುದಾದ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎನ್ನುತ್ತದೆ. ಜೀವ ಉಳಿಸಲು ತಕ್ಷಣ ಬೇಕಾದರೆ ಒಬ್ಬ ಡಾಕ್ಟರು ಸಾಕು. ಸದುದ್ದೇಶದಿಂದ ಮಾಡಿದ ಡಾಕ್ಟರಿಗೆ ರಕ್ಷಣೆಯೂ ಇದೆ. ಆ 17 ವಾರದ ಬಸುರಿ ಬೆಳಗಾವಿಯಲ್ಲಿದ್ದಿದ್ದರೆ ಅಂದಿನ ಕಾಯ್ದೆಯ ಪ್ರಕಾರ ಇಬ್ಬರು ಡಾಕ್ಟರು ಒಪ್ಪಿದ್ದರೆ ಮುಗಿಯುತ್ತಿತ್ತು. ಇದನ್ನು ಹೇಳುವುದು ಎದೆ ತಟ್ಟಿಕೊಳ್ಳಲಿಕ್ಕಲ್ಲ. ಅಲ್ಲಿ ಕಾಯ್ದೆ ಇದ್ದೂ, ಹತ್ತಿರದಲ್ಲಿ ಡಾಕ್ಟರಿಲ್ಲದೆ, ನಾಚಿಕೆಗೆ ಬಾಯಿ ಬಿಡದೆ, ಅರಿಯದವರ ಕೈಗೆ ಸಿಕ್ಕು ಸಾಯುವ ಹೆಂಗಸರು ಇದ್ದಾರೆ. ಒಳ್ಳೆಯ ಕಾಯ್ದೆ ಬೇಕು, ಅದೊಂದೇ ಸಾಲದು.

ಇದು ಐರ್ಲೆಂಡಿನ ಹಳೆಯ ಕತೆ ಎಂದೂ ತಿಳಿಯಬೇಡಿ. ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಷ್ಟೋ ಜನ ಡಾಲಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿದ್ದಾರೆ. 2022ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡಾಬ್ಸ್ ತೀರ್ಪು ಕೊಟ್ಟಿತು. ಅದೇ ಆಗಸ್ಟಿನಲ್ಲಿ ಟೆಕ್ಸಸ್ಸಿನ ಅಮಾಂಡಾ ಜುರಾವ್ಸ್ಕಿ ಎಂಬ ಬಸುರಿಗೆ 18 ವಾರದ ಸುಮಾರಿಗೆ ನೀರು ಒಡೆಯಿತು. ಎದೆಬಡಿತ ಇದೆ ಎಂದು ಕಾಯಿಸಿದರು. ಮೈಗೆ ನಂಜೇರಿದ ಮೇಲೆ ಚಿಕಿತ್ಸೆ ಸಿಕ್ಕಿತು. ಅವರು ಬದುಕಿ ಉಳಿದು ಕೋರ್ಟಿಗೆ ಹೋದರು. 2024ರ ಮೇ ತಿಂಗಳಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟು ಅವರ ವಾದ ಒಪ್ಪಲಿಲ್ಲ. 2025ರಲ್ಲಿ ಅಲ್ಲಿನ ಶಾಸನಸಭೆಯೇ, ಅಪಾಯ ತಲೆಯ ಮೇಲೆ ಬಂದು ನಿಲ್ಲುವವರೆಗೆ ಡಾಕ್ಟರು ಕಾಯಬೇಕಾಗಿಲ್ಲ ಎಂದು ಕಾಯ್ದೆಗೆ ವಿವರಣೆ ಸೇರಿಸಿತು. ಗಾಲ್ವೇಯಲ್ಲಿ 2012ರಲ್ಲಿ ಕಲಿತ ಪಾಠವನ್ನು ಇನ್ನೊಂದು ದೇಶ ಮತ್ತೆ ಮೊದಲಿನಿಂದ ಕಲಿಯಿತು.

ಇನ್ನು ನಮ್ಮ ಕೆಲಸ. ನಾವು ಹೊಸ ದೇಶಕ್ಕೆ ಬಂದಾಗ ವೀಸಾ ನಿಯಮ ಓದುತ್ತೇವೆ, ತೆರಿಗೆ ನಿಯಮ ಕೇಳುತ್ತೇವೆ, ಮಕ್ಕಳ ಶಾಲೆ ವಿಚಾರಿಸುತ್ತೇವೆ. ಬಸುರಿಯ ಮೇಲೆ ಯಾವ ಕಾನೂನು ನಡೆಯುತ್ತದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಊರಿನಲ್ಲಾದರೆ ಅವ್ವ ಇರುತ್ತಾಳೆ, ಅತ್ತೆ, ಚಿಗವ್ವ, ನೆರೆಮನೆಯ ಅಜ್ಜಿ ಇರುತ್ತಾರೆ. ಹೀಗ್ಯಾಕ ನಡುಗಾಕತ್ತೀ ಎಂದು ಯಾರಾದರೂ ಕೇಳುತ್ತಾರೆ. ಇಲ್ಲಿ ಗಂಡ ಹೆಂಡತಿ ಇಬ್ಬರೇ. ಆ ಅಜ್ಜಿಯ ಜಾಗದಲ್ಲಿ ನಮ್ಮ ಕೂಟ ನಿಲ್ಲಬೇಕು.

ಮೂರು ಕೆಲಸ ಹೇಳುತ್ತೇನೆ. ಒಂದು, ಬಸುರಿಯರಿರುವ ಮನೆಯಲ್ಲಿ ನೀರು ಒಡೆಯುವುದು, ಚಳಿಜ್ವರ, ನಾಡಿ ಅಥವಾ ಉಸಿರಿನ ಓಟ, ಮಂಕು ಕವಿಯುವುದು ಅಂದರೆ ಏನು ಎಂಬುದನ್ನು ಗಂಡನೂ ತಿಳಿದಿರಬೇಕು. ಇದು ಸೆಪ್ಸಿಸ್ ಇರಬಹುದೇ ಎಂದು ಬಾಯಿಬಿಟ್ಟು ಕೇಳುವುದರಲ್ಲಿ ಅವಮಾನವಿಲ್ಲ. ನಮ್ಮ ಕೂಟದಲ್ಲಿರುವ ಡಾಕ್ಟರರು ವರ್ಷಕ್ಕೊಮ್ಮೆ ಕನ್ನಡದಲ್ಲಿ ಇದನ್ನು ಹೇಳಿಕೊಡಬೇಕು. ಎರಡು, ಆಸ್ಪತ್ರೆಯಲ್ಲಿ ಆಗುವುದಿಲ್ಲ ಎಂಬ ಉತ್ತರ ಬಂದರೆ ಇದು ವೈದ್ಯಕೀಯ ಕಾರಣವೋ, ಕಾನೂನಿನ ಕಾರಣವೋ ಎಂದು ಕೇಳಿ. ಎರಡಕ್ಕೂ ಉತ್ತರ ಬೇರೆ. ಬೇರೆ ದಾರಿ ಯಾವುದಿದೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಸಿಗಬಹುದೇ ಎಂದು ಕೇಳಿ. ಕೇಳಿದ್ದನ್ನು, ಹೇಳಿದ್ದನ್ನು ಹೊತ್ತಿನ ಸಮೇತ ಬರೆದಿಡಿ. ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿ ಪಡೆಯುವ ಹಕ್ಕು ನಿಮಗಿದೆ. ಮೂರು, ಪೌರತ್ವ ಸಿಕ್ಕವರು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. ಮುಂದಿನ ಕಾನೂನು ಬರೆಯುವಾಗ ನಮ್ಮ ಮಕ್ಕಳೂ ಅದರ ಕೆಳಗೆ ಬರುತ್ತಾರೆ.

ಸವಿತಾ ಅವರ ಸಾವಿನ ಮೇಲೆ ಈ ದೇಶದ ಆಸ್ಪತ್ರೆಗಳಲ್ಲಿ ಬಸುರಿಯರ ನಾಡಿ, ಜ್ವರ, ಉಸಿರು ದಾಖಲಿಸುವ ಒಂದೇ ಬಗೆಯ ಮುನ್ನೆಚ್ಚರಿಕೆ ಪಟ್ಟಿ ಬಂತು, ಸೆಪ್ಸಿಸ್‌ಗೆ ರಾಷ್ಟ್ರೀಯ ಮಾರ್ಗಸೂಚಿ ಬಂತು, ಎರಡು ಕಾಯ್ದೆಗಳು ಬಂದವು, ಸಂವಿಧಾನ ಬದಲಾಯಿತು. ಇವತ್ತು ಇಲ್ಲಿ ಹೆರಿಗೆಗೆ ಹೋಗುವ ಪ್ರತಿ ಹೆಣ್ಣುಮಗಳು, ಯಾವ ಭಾಷೆಯವಳಾದರೂ, ಅದರ ಫಲ ಉಣ್ಣುತ್ತಿದ್ದಾಳೆ. ಅದರ ಬೆಲೆ ತೆತ್ತದ್ದು ಬೆಳಗಾವಿಯ ಒಂದು ಮನೆ. ಮುಂದಿನ ಸುಧಾರಣೆಗೆ ಇನ್ನೊಂದು ಮನೆ ಹಾಗೆ ಬೆಲೆ ತೆರಬಾರದು. ಮುಂಚೆಯೇ ಕೇಳೋಣ, ಮುಂಚೆಯೇ ಬರೆಸೋಣ.